ಸುರಂಗದ ದೀಪ

ನಮ್ಮ ಮನೆಯ ಹಿಂದಿನ ಗುಡ್ಡದಲ್ಲಿ ಒಂದು ಸುರಂಗ ಉಂಟು. ಅಜ್ಜನ ಕಾಲದಲ್ಲಿ ತೋಡಿಸಿದ್ದು. ಕಾಸರಗೋಡಿನ ಮುರಕಲ್ಲಿನ ಗುಡ್ಡಗಳ ನಡುವೆ ಬೆಳೆದವರಿಗೆ ಸುರಂಗವೆಂದರೆ ಏನೆಂದು ಹೇಳಬೇಕಾಗಿಲ್ಲ. ಆದರೂ ಊರು ಬಿಟ್ಟು ದೂರ ಹೋದ ಮಕ್ಕಳು ಈ ಪುಟ ಓದುತ್ತಾರೆಂದು ಹೇಳುತ್ತೇನೆ: ಬಾವಿಯ ಹಾಗೆ ಕೆಳಕ್ಕೆ ಇಳಿಯದೆ ಅಡ್ಡಕ್ಕೆ ಗುಡ್ಡದ ಹೊಟ್ಟೆಯೊಳಗೆ ನುಗ್ಗುವ, ಒಬ್ಬ ಆಳು ತುಸು ಬಗ್ಗಿ ನಡೆಯುವಷ್ಟು ಎತ್ತರದ, ಎರಡೂ ಭುಜ ತಾಗುವಷ್ಟು ಅಗಲದ ದಾರಿ ಅದು. ಅದರ ಕೊನೆಯಲ್ಲಿ ಕಲ್ಲಿನ ಸಂದಿಯಿಂದ ನೀರು ಜಿನುಗುತ್ತದೆ. ಪಂಪಿಲ್ಲ, ಕರೆಂಟಿಲ್ಲ, ನೀರು ತಾನೇ ಹರಿದು ಬಂದು ಅಂಗಳದ ಮೂಲೆಯ ತೊಟ್ಟಿಗೆ ಬೀಳುತ್ತದೆ. ಹುಟ್ಟಿದಂದಿನಿಂದ ಆ ನೀರು ಬೀಳುವ ಸದ್ದು ಕೇಳಿ ಬೆಳೆದವನು ನಾನು.

ವರ್ಷಕ್ಕೊಮ್ಮೆ ಸುರಂಗದ ಒಳಗೆ ಬಿದ್ದ ಮಣ್ಣು ತೆಗೆಯಬೇಕು. ಆಗ ಅಪ್ಪ ಕೈಯಲ್ಲಿ ಒಂದು ಮೇಣದ ಬತ್ತಿ ಹಿಡಿದು ಮುಂದೆ ಹೋಗುವುದು, ನಾನು ಬುಟ್ಟಿ ಹಿಡಿದು ಹಿಂದೆ. ಮನೆಯಲ್ಲಿ ಟಾರ್ಚು ಇತ್ತು. ಆದರೂ ಬತ್ತಿಯೇ ಆಗಬೇಕು. ಯಾಕೆಂದು ಒಮ್ಮೆ ಕೇಳಿದ್ದಕ್ಕೆ ಅಪ್ಪ, “ಟಾರ್ಚಿಗೆ ಉಸಿರಾಟ ಗೊತ್ತಿಲ್ಲ ಮಾರಾಯ, ಬತ್ತಿಗೆ ಗೊತ್ತುಂಟು. ಅದು ಕಣ್ಣು ಸಣ್ಣ ಮಾಡಿದರೆ ನಾವು ಹಿಂದೆ ಬರುವುದು” ಎಂದಿದ್ದರು. ಮಳೆಗಾಲ ಕಳೆದ ಹೊಸತರಲ್ಲಿ ಒಳಗಿನ ತಿರುವು ದಾಟಿದ ಮೇಲೆ ಬತ್ತಿ ನಿಜಕ್ಕೂ ಕಣ್ಣು ಸಣ್ಣ ಮಾಡುತ್ತಿತ್ತು. ಈ ಮಾತನ್ನು ಓದುಗರು ನೆನಪಿನಲ್ಲಿಟ್ಟುಕೊಳ್ಳಬೇಕು. ನಾನು ಮರೆತೆ. ಈ ಲೇಖನ ಆ ಮರವೆಯ ಕತೆ.

ಕನ್ನಡ ಮಾಧ್ಯಮದಲ್ಲಿ ಹತ್ತನೆಯ ತರಗತಿ, ಆ ಮೇಲೆ ರಸಾಯನ ಶಾಸ್ತ್ರದಲ್ಲಿ ಪದವಿ ಮುಗಿಸಿ, ದೂರದ ಒಂದು ನಗರದಲ್ಲಿ ನೀರನ್ನು ಪರೀಕ್ಷಿಸುವ ಪ್ರಯೋಗಾಲಯಕ್ಕೆ ಸೇರಿದವನು 2019ರಲ್ಲಿ ನಿವೃತ್ತನಾಗಿ ಊರಿಗೆ ಬಂದೆ. ನನ್ನ ಕೆಲಸದ ಕೊನೆಯ ಹದಿನೈದು ವರ್ಷ ಒಂದೇ ಯಂತ್ರದ ಎದುರು ಕಳೆಯಿತು. ಅದರ ಹೆಸರು ಮಾಸ್ ಸ್ಪೆಕ್ಟ್ರೋಮೀಟರ್. ನೀರಿನಲ್ಲಿ ಕರಗಿರುವ ಅನಿಲಗಳನ್ನು ಅಳೆಯುವುದು ಅದರ ಕೆಲಸ.

ನೀರಿನಲ್ಲಿ ಗಾಳಿ ಕರಗಿರುತ್ತದೆ ಎಂದರೆ ನಮ್ಮ ಅಕ್ಕನಿಗೆ ಇವತ್ತಿಗೂ ನಗು. “ಹಾಗಾದರೆ ಮೀನು ಎಂಥದನ್ನು ಉಸಿರಾಡುವುದು?” ಎಂದು ಕೇಳಿದರೆ ಸುಮ್ಮನಾಗುತ್ತಾಳೆ. ನಮ್ಮ ಹವೆಯ ಬಿಸಿಯಲ್ಲಿ, ಗಾಳಿಗೆ ತೆರೆದಿಟ್ಟ ಒಂದು ಲೀಟರ್ ಸಿಹಿನೀರಿನಲ್ಲಿ ಸುಮಾರು 14 ಮಿಲಿಗ್ರಾಂ ಸಾರಜನಕ, 8 ಮಿಲಿಗ್ರಾಂ ಆಮ್ಲಜನಕ, ಅರ್ಧ ಮಿಲಿಗ್ರಾಮಿನಷ್ಟು ಆರ್ಗಾನ್ ಕರಗಿರುತ್ತವೆ. ಅಳೆಯುವ ಉಪಾಯ ಸರಳ. ತೆಳ್ಳಗಿನ ಸಿಲಿಕೋನ್ ನಳಿಕೆಯೊಳಗೆ ನೀರು ಹರಿಯುತ್ತದೆ. ನಳಿಕೆಯ ಹೊರಗೆ ನಿರ್ವಾತ. ನೀರು ಹೆಚ್ಚಾಗಿ ಒಳಗೇ ಉಳಿದು, ಅನಿಲಗಳು ಮಾತ್ರ ಆ ಪೊರೆಯ ಮೂಲಕ ಆಚೆಗೆ ಜಿನುಗುತ್ತವೆ. ಅಲ್ಲಿ ಕಾದ ತಂತಿಯಿಂದ ಹೊರಟ ಎಲೆಕ್ಟ್ರಾನುಗಳು ಅವಕ್ಕೆ ಹೊಡೆದು ಅಯಾನುಗಳನ್ನಾಗಿ ಮಾಡುತ್ತವೆ. ಆ ಅಯಾನುಗಳನ್ನು ಯಂತ್ರ ತೂಕದ ಪ್ರಕಾರ ಬೇರ್ಪಡಿಸಿ ಎಣಿಸುತ್ತದೆ: 28ರಲ್ಲಿ ಸಾರಜನಕ, 32ರಲ್ಲಿ ಆಮ್ಲಜನಕ, 40ರಲ್ಲಿ ಆರ್ಗಾನ್, 44ರಲ್ಲಿ ಇಂಗಾಲದ ಡೈಆಕ್ಸೈಡ್. ಪೊರೆಯ ಮೂಲಕ ಅನಿಲವನ್ನು ಒಳಬಿಡುವ ಈ ಉಪಾಯವನ್ನು 1963ರಲ್ಲಿ ಹೋಕ್ ಮತ್ತು ಕಾಕ್ ಎಂಬ ಇಬ್ಬರು ವಿಜ್ಞಾನಿಗಳು ಪ್ರಕಟಿಸಿದರು. 1994ರಲ್ಲಿ ಅಮೆರಿಕದ ಮೇರಿಲ್ಯಾಂಡಿನ ಕಾನಾ ಮತ್ತು ಸಂಗಡಿಗರು ಅದನ್ನೇ ಹದಗೊಳಿಸಿ, ಸಾರಜನಕ ಮತ್ತು ಆರ್ಗಾನಿನ ಪ್ರಮಾಣವನ್ನು ಬಹು ಸೂಕ್ಷ್ಮವಾಗಿ ಅಳೆಯಬಹುದೆಂದು ತೋರಿಸಿದರು.

ಸಾರಜನಕವನ್ನೇ ನೇರವಾಗಿ ಅಳೆದರೆ ಸಾಲದೇ, ಆರ್ಗಾನ್ ಯಾಕೆ ಎಂದು ಕೇಳಬಹುದು. ಸಾರಜನಕ ನೀರಿನಲ್ಲಿ ಹುಟ್ಟಲೂಬಹುದು. ಹಟ್ಟಿಯ ಗೊಬ್ಬರ, ಮೂತ್ರ, ತೋಟಕ್ಕೆ ಹಾಕಿದ ಯೂರಿಯಾ ಇವೆಲ್ಲ ಮಣ್ಣಿನಲ್ಲಿ ನೈಟ್ರೇಟ್ ಆಗುತ್ತವೆ. ಆಮ್ಲಜನಕ ಕಡಿಮೆ ಇರುವಲ್ಲಿ ಕೆಲವು ಬ್ಯಾಕ್ಟೀರಿಯಾಗಳು ಆ ನೈಟ್ರೇಟನ್ನು ಬಳಸಿಕೊಂಡು ಸಾರಜನಕ ಅನಿಲವನ್ನು ಬಿಡುತ್ತವೆ. ಆರ್ಗಾನಿಗೆ ಆ ಗೊಡವೆ ಇಲ್ಲ. ಅದು ಯಾರೊಂದಿಗೂ ಕೂಡುವುದಿಲ್ಲ, ಯಾರಿಂದಲೂ ಹುಟ್ಟುವುದಿಲ್ಲ. ಗಾಳಿಯಲ್ಲಿ ನೂರಕ್ಕೆ ಒಂದು ಪಾಲೂ ಇಲ್ಲದ ಅಲ್ಪಸಂಖ್ಯಾತ. ಆದರೆ ಸಾಕ್ಷಿ ಹೇಳಬೇಕಾದರೆ ಅದೇ ಬೇಕು. ನೀರು ಬಿಸಿಯಾದರೆ ಎರಡೂ ಹೆಚ್ಚುಕಡಿಮೆ ಒಟ್ಟಿಗೆ ಕಡಿಮೆಯಾಗುತ್ತವೆ, ತಂಪಾದರೆ ಒಟ್ಟಿಗೆ ಹೆಚ್ಚುತ್ತವೆ. ಹಾಗಾಗಿ ಗಾಳಿಯೊಂದಿಗೆ ಸಮತೋಲದಲ್ಲಿರುವ ನಮ್ಮ ಸಿಹಿನೀರಿನಲ್ಲಿ ಒಂದು ಆರ್ಗಾನ್ ಪರಮಾಣುವಿಗೆ ಸುಮಾರು 38 ಸಾರಜನಕದ ಅಣುಗಳು. ಈ 38 ಎಂಬುದು ಮೇಲೇರಿದರೆ, ಎಲ್ಲೋ ನೈಟ್ರೇಟ್ ಸಾರಜನಕವಾಗಿದೆ ಎಂದು ಅರ್ಥ. ಅಂದರೆ, ಹಾಗೆ ಅರ್ಥ ಮಾಡಿಕೊಳ್ಳುವ ಮೊದಲು ಉಳಿದ ಹತ್ತು ಕಾರಣಗಳನ್ನು ಒಂದೊಂದಾಗಿ ಬಾಗಿಲಿನಿಂದ ಹೊರಗೆ ಕಳಿಸಬೇಕು. ಹೊಸತಾಗಿ ಬಂದ ಹುಡುಗರಿಗೆ ಇದನ್ನು ನಾನೇ ಹೇಳಿಕೊಡುತ್ತಿದ್ದೆ.

ಬಾಟಲಿ ತುಂಬಿಸುವಾಗ ನಳಿಕೆಯನ್ನು ತಳಕ್ಕೆ ಮುಟ್ಟಿಸಿ, ನೀರು ಎರಡು ಮೂರು ಪಾಲು ಹೊರಚೆಲ್ಲುವ ತನಕ ಬಿಡಬೇಕು. ಮೇಲಿನಿಂದ ಸುರಿದರೆ ಗಾಳಿ ಸೇರುತ್ತದೆ. ಗಾಳಿಯಲ್ಲಿ ಒಂದು ಆರ್ಗಾನಿಗೆ ಸುಮಾರು 84 ಸಾರಜನಕ. ಸಾಸಿವೆಯಷ್ಟು ಗುಳ್ಳೆ ಒಳಗೆ ಕರಗಿದರೂ 38ರ ಲೆಕ್ಕ ಮೇಲಕ್ಕೆ ಹೋಗುತ್ತದೆ. ತಂಪಾದ ನೀರನ್ನು ತುಂಬಿಸಿ ಬಿಸಿಲಲ್ಲಿಟ್ಟರೆ ಅದರೊಳಗಿನ ಅನಿಲವೇ ಗುಳ್ಳೆಯಾಗಿ ಹೊರಬರುತ್ತದೆ. ಆ ಗುಳ್ಳೆಗೆ ಸಾರಜನಕ ಹೆಚ್ಚು ಹೋಗುವುದರಿಂದ ನೀರಿನಲ್ಲಿ ಉಳಿಯುವ ಪ್ರಮಾಣ ಕೆಳಗಿಳಿಯುತ್ತದೆ. ಬ್ಯಾಕ್ಟೀರಿಯಾಗಳನ್ನು ಕೊಲ್ಲಲು ಮರ್ಕ್ಯುರಿಕ್ ಕ್ಲೋರೈಡಿನಂಥ ವಿಷ ಹಾಕದಿದ್ದರೆ ಅವು ಬಾಟಲಿಯಲ್ಲೇ ಸಂಸಾರ ಮುಂದುವರಿಸಿ ಆಮ್ಲಜನಕವನ್ನು ಮುಗಿಸುತ್ತವೆ. ಹೋಲಿಕೆಗೆಂದು ಇಟ್ಟ ಮಾನಕ ನೀರಿನ ಬಿಸಿ ಒಂದು ಡಿಗ್ರಿ ಆಚೀಚೆಯಾದರೆ ಕರಗಿದ ಅನಿಲ ಹೆಚ್ಚುಕಡಿಮೆ ಶೇಕಡಾ 2ರಷ್ಟು ಆಚೀಚೆಯಾಗುತ್ತದೆ. ಪೊರೆಯ ಮೇಲೆ ಪಾಚಿ ಕಟ್ಟುತ್ತದೆ. ಪಂಪಿನ ವೇಗ ತಪ್ಪುತ್ತದೆ. ಯಂತ್ರವೂ ಬೆಳಿಗ್ಗೆಯಿಂದ ಸಂಜೆಯವರೆಗೆ ಒಂದೇ ಮನಸ್ಸಿನಲ್ಲಿರುವುದಿಲ್ಲ. ಆದ್ದರಿಂದ ಕೆಲವು ಬಾಟಲಿಗೊಮ್ಮೆ ಮಾನಕ ನೀರು ಕೊಟ್ಟು ಅದರ ದಾರಿಯನ್ನು ಸರಿಪಡಿಸುತ್ತಿರಬೇಕು. ಅಯಾನು ಹುಟ್ಟುವ ಕೋಣೆಯೊಳಗೆ ಆಮ್ಲಜನಕ ಮತ್ತು ಸಾರಜನಕ ಕೂಡಿ ನೈಟ್ರಿಕ್ ಆಕ್ಸೈಡಿನ ಅಯಾನು ಹುಟ್ಟಿ 30ರಲ್ಲಿ ಕಾಣಿಸಿಕೊಳ್ಳುತ್ತದೆ. ಅಷ್ಟು ಸಾರಜನಕ ಲೆಕ್ಕಕ್ಕೆ ಸಿಗದೆ ಹೋಯಿತು. ಅಂದರೆ ಆಮ್ಲಜನಕ ಕಡಿಮೆ ಇರುವ ನೀರು, ಆಮ್ಲಜನಕ ತುಂಬಿರುವ ಮಾನಕ ನೀರಿನ ಪಕ್ಕದಲ್ಲಿ, ಇಲ್ಲದ ಸಾರಜನಕವನ್ನು ಇದೆಯೆಂದು ತೋರಿಸಬಹುದು.

ಇಷ್ಟೆಲ್ಲ ಗೊತ್ತಿದ್ದವನು ನಾನು. ಹಾಗಾಗಿ ಮುಂದಿನದಕ್ಕೆ ಅಜ್ಞಾನದ ನೆಪ ಹೇಳುವಂತಿಲ್ಲ.

ನಮ್ಮ ಸುರಂಗದ ಮೇಲಿನ ಗುಡ್ಡದಲ್ಲಿ ಒಂದು ಮನೆಯಿದೆ. ಮಲಯಾಳ ಮಾತಾಡುವ ಮಾಪಿಳ್ಳೆ ಕುಟುಂಬ. ಆ ಮನೆಯ ಉಮ್ಮ ನಮ್ಮ ಅಮ್ಮನಿಗಿಂತ ನಾಲ್ಕಾರು ವರ್ಷ ಚಿಕ್ಕವರು. ಅವರು ಮಲಯಾಳದಲ್ಲಿ ಕೇಳುವುದು, ಅಪ್ಪ ಕನ್ನಡದಲ್ಲೋ ತುಳುವಿನಲ್ಲೋ ಉತ್ತರಿಸುವುದು. ನಲವತ್ತು ವರ್ಷ ಇಬ್ಬರೂ ತಮ್ಮ ತಮ್ಮ ಭಾಷೆ ಬಿಡಲಿಲ್ಲ, ಒಂದು ಮಾತೂ ತಪ್ಪಾಗಿ ತಿಳಿಯಲಿಲ್ಲ. ಎಪ್ರಿಲ್ ತಿಂಗಳಲ್ಲಿ ಅವರ ಬಾವಿ ಬತ್ತಿದರೆ ಮಳೆ ಬರುವ ತನಕ ನಮ್ಮ ತೊಟ್ಟಿಯಿಂದಲೇ ಕುಡಿಯುವ ನೀರು. ಉಮ್ಮ ಕೊಡಪಾನ ತಂದು ಇಟ್ಟರೆ ಅದು ತುಂಬುವಷ್ಟು ಹೊತ್ತು ಅಮ್ಮನೊಂದಿಗೆ ಮಾತು.

2009ರಲ್ಲಿ ಅವರು ಎರಡು ದನ ಕಟ್ಟಿ, ಗುಡ್ಡದ ನೆತ್ತಿಯಲ್ಲಿ, ಸರಿಯಾಗಿ ಸುರಂಗದ ಮೇಲೆ ಬರುವ ಜಾಗದಲ್ಲಿ ಹಟ್ಟಿ ಹಾಕಿದರು. ಅದೇ ವರ್ಷ ಮಳೆಗಾಲದ ಕೊನೆಗೆ ನಮ್ಮ ಅಣ್ಣನ ಮಗುವಿಗೆ ಹೊಟ್ಟೆ ಕೆಟ್ಟು ಎರಡು ವಾರ ಗುಣವಾಗಲಿಲ್ಲ. ಅಣ್ಣ ಫೋನು ಮಾಡಿ, “ನೀನು ದೇಶದ ನೀರೆಲ್ಲ ಪರೀಕ್ಷೆ ಮಾಡುತ್ತೀಯಲ್ಲ, ಮನೆಯ ನೀರು ಒಮ್ಮೆ ನೋಡು” ಎಂದ. ಅವನ ಮನಸ್ಸಿನಲ್ಲಿ ಹಟ್ಟಿ ಇತ್ತು. ಅವನು ಹೇಳಿದ ಮೇಲೆ ನನ್ನ ಮನಸ್ಸಿನಲ್ಲೂ ಬಂತು.

ರಜೆ ಹಾಕಿ ಬಂದೆ. ಅಪ್ಪ ಬತ್ತಿ ಹಿಡಿದು ಮುಂದೆ, ನಾನು ಬಾಟಲಿ ಹಿಡಿದು ಹಿಂದೆ. ತಿರುವು ದಾಟಿದ ಮೇಲೆ ಬತ್ತಿ ಸಣ್ಣದಾಯಿತು. ಅಪ್ಪ ನಿಂತು, “ಬೇಗ ಆಗಲಿ” ಎಂದರು. ಬಾಟಲಿಗಳನ್ನು ಕಲ್ಲಿನ ಸಂದಿಯಲ್ಲೇ, ಗುಳ್ಳೆ ಬಾರದಂತೆ ಬಹಳ ಜಾಗ್ರತೆಯಿಂದ ತುಂಬಿಸಿದೆ. ರೈಲಿನಲ್ಲಿ ಅವುಗಳನ್ನು ತಣ್ಣೀರಿನ ಡಬ್ಬದಲ್ಲಿ ಮುಳುಗಿಸಿಟ್ಟು, ಮಡಿಲಲ್ಲಿ ಕೂಸನ್ನಿಟ್ಟುಕೊಂಡ ಹಾಗೆ ಕೊಂಡುಹೋದೆ. ಆ ಭಾಗದಲ್ಲಿ ನನ್ನ ತಪ್ಪಿಲ್ಲ.

ಒಂದು ಶನಿವಾರ ಸಂಜೆ, ಎಲ್ಲರೂ ಹೋದ ಮೇಲೆ, ಮನೆಯ ನೀರನ್ನು ಯಂತ್ರಕ್ಕೆ ಕೊಟ್ಟೆ. ಪೊರೆ ಮತ್ತು ಯಂತ್ರದ ನಡುವೆ ಒಂದು ಗಾಜಿನ ಕೊಳವೆ ಇರುತ್ತದೆ. ಅದನ್ನು ಮೈನಸ್ 196 ಡಿಗ್ರಿಯ ದ್ರವ ಸಾರಜನಕದಲ್ಲಿ ಮುಳುಗಿಸಿಡಬೇಕು. ನೀರಿನ ಆವಿ, ಇಂಗಾಲದ ಡೈಆಕ್ಸೈಡ್ ಎರಡೂ ಅಲ್ಲಿ ಹೆಪ್ಪುಗಟ್ಟಿ ನಿಲ್ಲುತ್ತವೆ. ಅಂದು ದ್ರವ ಸಾರಜನಕದ ಪಾತ್ರೆ ಖಾಲಿ. ಸೋಮವಾರದ ತನಕ ಕಾಯಬೇಕು. ನನಗೆ ಕಾಯುವ ಮನಸ್ಸಿರಲಿಲ್ಲ. ಒಣ ಮಂಜುಗಡ್ಡೆ ಮತ್ತು ಆಲ್ಕೋಹಾಲ್ ಬೆರೆಸಿ, ಸುಮಾರು ಮೈನಸ್ 78 ಡಿಗ್ರಿಯಲ್ಲಿ ಕೊಳವೆಯನ್ನು ಇಟ್ಟೆ. ನೀರಿನ ಆವಿಗೆ ಅದು ಸಾಕು. ಮಾನಕ ನೀರು ಕೊಟ್ಟು ನೋಡಿದೆ: 38. ಸರಿಯಾಗಿದೆ. ಮನೆಯ ನೀರು ಕೊಟ್ಟೆ: 41. ಮತ್ತೆ ಮಾನಕ: 38. ಮತ್ತೆ ಮನೆಯದು: 41. ಆರು ಬಾಟಲಿ, ಆರೂ ಒಂದೇ ಮಾತು.

ಲೆಕ್ಕ ಹಾಕಿದೆ. 38ರ ಜಾಗದಲ್ಲಿ 41 ಎಂದರೆ ಲೀಟರಿಗೆ ಸುಮಾರು 1.1 ಮಿಲಿಗ್ರಾಂ ಸಾರಜನಕ ಹೆಚ್ಚು. ಅದು ನೈಟ್ರೇಟಿನಿಂದ ಬಂದದ್ದಾದರೆ ಲೀಟರಿಗೆ ಸುಮಾರು 5 ಮಿಲಿಗ್ರಾಂ ನೈಟ್ರೇಟ್. ಆದರೆ ನೀರಿನಲ್ಲಿ ನೈಟ್ರೇಟನ್ನೇ ನೇರವಾಗಿ ಪರೀಕ್ಷಿಸಿದರೆ ಬಹಳ ಕಡಿಮೆ. ಇಲ್ಲಿ ನಾನು ನಿಲ್ಲಬೇಕಿತ್ತು. ನಿಲ್ಲಲಿಲ್ಲ. ನೈಟ್ರೇಟ್ ಇಲ್ಲ, ಯಾಕೆಂದರೆ ಬ್ಯಾಕ್ಟೀರಿಯಾ ತಿಂದಿದೆ. ತಿಂದದ್ದಕ್ಕೆ ಈ ಸಾರಜನಕವೇ ಗುರುತು ಎಂದುಕೊಂಡೆ. ಇಲ್ಲದಿರುವುದೂ ಇರುವುದಕ್ಕೆ ಸಾಕ್ಷಿಯಾಯಿತು. ಮನಸ್ಸಿನಲ್ಲಿ ಉತ್ತರ ಮೊದಲೇ ಬಂದು ಕುಳಿತಿದ್ದರೆ ಪ್ರಶ್ನೆಗಳೆಲ್ಲ ಅದಕ್ಕೆ ನಮಸ್ಕಾರ ಮಾಡುತ್ತವೆ.

ದೀಪಾವಳಿಗೆ ಊರಿಗೆ ಬಂದು ಒಂದು ಹಾಳೆಯಲ್ಲಿ ಕನ್ನಡದಲ್ಲಿ ಬರೆದೆ: ಮೇಲಿನ ಹಟ್ಟಿಯ ಕೊಳೆ ಸುರಂಗದ ನೀರಿಗೆ ಇಳಿದಿದೆ. ಮೇಲಿನ ಮನೆಗೆ ಕೊಡಬೇಕಾದ್ದರಿಂದ ಅಕ್ಕನ ಮಗನನ್ನು ಕೂರಿಸಿ ಮಲಯಾಳಕ್ಕೆ ಮಾಡಿಸಿದೆ. ಹುಡುಗ ಕೊನೆಯ ಸಾಲಿಗೆ ಬಂದು ಪೆನ್ನು ನಿಲ್ಲಿಸಿ, “ಮಾವಾ, ಇಲ್ಲಿ ‘ಆಯಿರಿಕ್ಕಾಂ’ ಅಂತ ಹಾಕಬೇಕಾ?” ಎಂದು ಕೇಳಿದ. ‘ಆಗಿರಬಹುದು’ ಎಂದು ಅದರ ಅರ್ಥ. ನಾನು “ಬೇಡ” ಎಂದೆ.

ಅಪ್ಪ ಚಾವಡಿಯಲ್ಲಿ ಅಡಕೆ ಸುಲಿಯುತ್ತ ಕೇಳುತ್ತಿದ್ದರು. “ಬೇಸಗೆಯಲ್ಲಿ ಅವರೂ ಕುಡಿಯುವುದು ಇದೇ ನೀರಲ್ಲವಾ?” ಎಂದರು. ಅಷ್ಟೇ. ನಾನು ಯಂತ್ರದ ಹೆಸರು ಹೇಳಿದೆ. ಅಪ್ಪ ಮುಂದೆ ಮಾತಾಡಲಿಲ್ಲ.

ನಮ್ಮ ಜಿಲ್ಲೆಯಲ್ಲಿ ಯಂತ್ರದ ಹೆಸರಿಗೆ ಏನು ಬೆಲೆಯೆಂದು ಹೊರಗಿನವರಿಗೆ ತಿಳಿಯುವುದು ಕಷ್ಟ. ಗೇರು ತೋಟಗಳ ಮೇಲೆ 2000ನೆಯ ಇಸವಿಯವರೆಗೆ ಹೆಲಿಕಾಪ್ಟರಿನಿಂದ ಎಂಡೋಸಲ್ಫಾನ್ ಸಿಂಪಡಿಸಿದ ಊರುಗಳು ನಮ್ಮ ಸುತ್ತಮುತ್ತಲೇ ಇವೆ. ರಕ್ತದಲ್ಲಿ, ನೀರಿನಲ್ಲಿ ವಿಷ ಉಂಟೆಂದು ಒಂದು ವರದಿ, ಇಲ್ಲವೆಂದು ಇನ್ನೊಂದು. 2011ರಲ್ಲಿ ಸುಪ್ರೀಂ ಕೋರ್ಟು ದೇಶದಲ್ಲೆಲ್ಲ ಅದನ್ನು ತಡೆಯುವವರೆಗೂ ಆ ವಾದ ನಡೆದೇ ಇತ್ತು. ನೀರಿಗೆ ಏನೋ ಸೇರಿದೆ ಎಂಬ ಮಾತು ಇಲ್ಲಿ ಬರೀ ಮಾತಲ್ಲ. ಹೆರುವ ವಯಸ್ಸಿನ ಹೆಣ್ಣುಮಕ್ಕಳಿರುವ ಮನೆಗಳಲ್ಲಿ ಅದು ರಾತ್ರಿ ನಿದ್ದೆ ಕೆಡಿಸುವ ಮಾತು. ಅಂಥ ಮಾತನ್ನು ನಾನು ಒಂದು ಹಾಳೆಯಲ್ಲಿ ಬರೆದು ಮೇಲಿನ ಮನೆಗೆ ಕಳಿಸಿದೆ.

ಉಮ್ಮ ಜಗಳಕ್ಕೆ ಬರಲಿಲ್ಲ. ಒಂದು ತಿಂಗಳಲ್ಲಿ ಹಟ್ಟಿ ಕಿತ್ತು ಗುಡ್ಡದ ಆಚೆ ಬದಿಗೆ ಕಟ್ಟಿದರು. ಖರ್ಚಿಗೆಂದು ಒಂದು ದನ ಮಾರಿದರು ಎಂದು ಆ ಮೇಲೆ ತಿಳಿಯಿತು. ಮುಂದಿನ ಬೇಸಗೆಯಲ್ಲಿ ನಮ್ಮ ತೊಟ್ಟಿಗೆ ಕೊಡಪಾನ ಬರಲಿಲ್ಲ. ದಾರಿಯ ಬದಿಯ ಪಂಚಾಯತು ನಳ್ಳಿಯಿಂದ, ಅರ್ಧ ಮೈಲು ಏರು ಹತ್ತಿ, ಅವರು ನೀರು ಹೊರುವುದನ್ನು ಅಮ್ಮ ಅಡಿಗೆಕೋಣೆಯ ಕಿಟಕಿಯಿಂದ ನೋಡುತ್ತಿದ್ದರು. ಮಗು ಹೇಗೂ ಔಷಧಿಯಿಂದ ಗುಣವಾಗಿತ್ತು. 2014ರಲ್ಲಿ ಅಪ್ಪ ತೀರಿಕೊಂಡಾಗ ಉಮ್ಮ ಬಂದು ಅಂಗಳದ ಆಚೆ, ದಣಪೆಯ ಹತ್ತಿರ ನಿಂತು ಹೋದರು. ಹಿಂದೆಯಾಗಿದ್ದರೆ ಒಳಗೆ ಬಂದು ಅಮ್ಮನ ಪಕ್ಕದಲ್ಲಿ ಕೂರುತ್ತಿದ್ದರು.

2018ರಲ್ಲಿ, ನಿವೃತ್ತಿಗೆ ಒಂದು ವರ್ಷ ಉಳಿದಿರುವಾಗ, ಹಳೆಯ ಕಡತಗಳನ್ನು ಒಪ್ಪಗೊಳಿಸುತ್ತಿದ್ದೆ. ಆ ಶನಿವಾರದ ಕೋಷ್ಟಕ ಸಿಕ್ಕಿತು. ನಮ್ಮ ಯಂತ್ರ 28, 32, 40ರ ಜೊತೆಗೆ 44ನ್ನೂ ದಾಖಲಿಸುತ್ತಿತ್ತು. ಯಾರೂ ಅದನ್ನು ನೋಡುವ ವಾಡಿಕೆ ಇರಲಿಲ್ಲ. ದ್ರವ ಸಾರಜನಕ ಇದ್ದರೆ 44ರಲ್ಲಿ ಬಹುತೇಕ ಏನೂ ಇರುವುದಿಲ್ಲ. ಆ ದಿನದ ಹಾಳೆಯಲ್ಲಿ ಮಾನಕ ನೀರಿನ ಎದುರು 44ರಲ್ಲಿ ಚಿಕ್ಕ ಸಂಖ್ಯೆ. ಮನೆಯ ನೀರಿನ ಎದುರು ದೊಡ್ಡ ದೊಡ್ಡ ಸಂಖ್ಯೆಗಳು. ಒಂಬತ್ತು ವರ್ಷ ಅವು ಆ ಹಾಳೆಯಲ್ಲಿ ಸುಮ್ಮನೆ ಕುಳಿತಿದ್ದವು. ಕುರ್ಚಿಯಲ್ಲಿ ಕುಳಿತಲ್ಲೇ ನನಗೆ ಅಪ್ಪನ ಮೇಣದ ಬತ್ತಿ ನೆನಪಾಯಿತು.

ಮಳೆಯ ನೀರು ಬೇರು, ಕೊಳೆತ ಎಲೆ, ಹುಳಹುಪ್ಪಟೆ ಉಸಿರಾಡುವ ಮಣ್ಣಿನ ಮೂಲಕ ಇಳಿಯುವಾಗ ಇಂಗಾಲದ ಡೈಆಕ್ಸೈಡನ್ನು ಹೊತ್ತುಕೊಂಡು ಬರುತ್ತದೆ. ನಮ್ಮ ಮುರಕಲ್ಲಿನಲ್ಲಿ ಅದನ್ನು ಹೀರುವ ಸುಣ್ಣವಿಲ್ಲ. ಸುರಂಗದ ತುದಿಯಲ್ಲಿ ದೀಪ ಕಣ್ಣು ಸಣ್ಣ ಮಾಡುತ್ತಿದ್ದದ್ದು ಅದಕ್ಕೇ: ಅಲ್ಲಿ ಆಮ್ಲಜನಕ ಕಡಿಮೆ, ಇಂಗಾಲದ ಡೈಆಕ್ಸೈಡ್ ಹೆಚ್ಚು. ಈ ಅನಿಲ ಯಂತ್ರದೊಳಗೆ ಹೋದಾಗ ಎಲ್ಲವೂ 44ರಲ್ಲೇ ಉಳಿಯುವುದಿಲ್ಲ. ಎಲೆಕ್ಟ್ರಾನಿನ ಏಟಿಗೆ ಸ್ವಲ್ಪ ಪಾಲು ಮುರಿದು ಕಾರ್ಬನ್ ಮೊನಾಕ್ಸೈಡ್ ಆಗುತ್ತದೆ. ಅದರ ತೂಕ 28. ಸಾರಜನಕದ್ದೂ 28. ಯಂತ್ರಕ್ಕೆ ಎರಡೂ ಒಂದೇ. ಸಿಲಿಕೋನ್ ಪೊರೆಯೂ ಸಾರಜನಕಕ್ಕಿಂತ ಇಂಗಾಲದ ಡೈಆಕ್ಸೈಡನ್ನು ಬಹಳ ಸುಲಭವಾಗಿ ಬಿಡುತ್ತದೆ. ಇದನ್ನೆಲ್ಲ ತಡೆಯುವುದಕ್ಕೇ ದ್ರವ ಸಾರಜನಕ. ನಾನು ಅದರ ಬದಲಿಗೆ ಇಟ್ಟದ್ದು ಒಣ ಮಂಜುಗಡ್ಡೆ. ಒಣ ಮಂಜುಗಡ್ಡೆ ಎಂದರೆ ಗಟ್ಟಿಯಾದ ಇಂಗಾಲದ ಡೈಆಕ್ಸೈಡೇ. ಅದು ತನ್ನ ಕುಲದವನನ್ನು ಹಿಡಿದು ನಿಲ್ಲಿಸುತ್ತದೆಯೇ? ಮಾನಕ ನೀರಿನಲ್ಲಿ ಆ ಅನಿಲ ಇರಲಿಲ್ಲವಾದ್ದರಿಂದ ಮಾನಕ ಸರಿಯಾಗಿಯೇ ಬಂತು. ಅದು ಸುಳ್ಳು ಹೇಳಲಿಲ್ಲ. ಆ ಪ್ರಶ್ನೆಯನ್ನು ನಾನು ಅದಕ್ಕೆ ಕೇಳಿರಲಿಲ್ಲ. ಆರು ಬಾಟಲಿ ಒಂದೇ ಉತ್ತರ ಕೊಟ್ಟಿತೆಂದು ಸಂತೋಷಪಟ್ಟಿದ್ದೆ. ಒಂದೇ ತಪ್ಪನ್ನು ಆರು ಸಲ ಮಾಡಿದರೂ ಉತ್ತರ ಒಂದೇ ಬರುತ್ತದೆ.

ಅನುಮಾನ ಪರಿಹಾರಕ್ಕೆ ಒಂದು ಪರೀಕ್ಷೆ ಮಾಡಿದೆ. ಮಾನಕ ನೀರನ್ನು ಒಂದು ಪಾತ್ರೆಯಲ್ಲಿ ತೆಗೆದುಕೊಂಡು ಎಳನೀರಿನ ಸ್ಟ್ರಾ ಹಾಕಿ ಹತ್ತು ನಿಮಿಷ ಊದಿದೆ. ಮನುಷ್ಯನ ನಿಶ್ವಾಸದಲ್ಲಿ ನೂರಕ್ಕೆ ಸುಮಾರು 4 ಪಾಲು ಇಂಗಾಲದ ಡೈಆಕ್ಸೈಡ್. ಒಣ ಮಂಜುಗಡ್ಡೆ ಇಟ್ಟು ಅಳೆದರೆ 38 ಹೋಗಿ 40ರ ಹತ್ತಿರ ಬಂತು. ದ್ರವ ಸಾರಜನಕ ಇಟ್ಟು ಅದೇ ನೀರನ್ನು ಅಳೆದರೆ ಮತ್ತೆ 38ರ ಬಳಿಗೆ ಇಳಿಯಿತು. ನಾನು ಹಟ್ಟಿಯ ಕೊಳೆ ಎಂದು ಬರೆದದ್ದನ್ನು ನನ್ನ ಉಸಿರೇ ಮಾಡಿ ತೋರಿಸಿತು.

ಆ ವರ್ಷದ ಮಳೆಗಾಲ ಮುಗಿದ ಮೇಲೆ ಊರಿಗೆ ಬಂದು ಅಣ್ಣನ ಕೈಯಲ್ಲಿ ಬತ್ತಿ ಹಿಡಿಸಿ ಹೊಸದಾಗಿ ಬಾಟಲಿ ತುಂಬಿಸಿದೆ. ಈ ಸಲ ಎಲ್ಲ ಕ್ರಮಪ್ರಕಾರ. 38ಕ್ಕಿಂತ ಒಂದು ಎಳ್ಳಿನಷ್ಟು ಮೇಲೆ ಬಂತು. ಅದಕ್ಕೂ ಕಾರಣ ಉಂಟು: ಮಳೆಯಲ್ಲಿ ನೀರಿನ ಮಟ್ಟ ಏರುವಾಗ ಮಣ್ಣಿನ ಸಂದುಗಳ ಗಾಳಿ ಸಿಕ್ಕಿಬಿದ್ದು ಒತ್ತಡದಲ್ಲಿ ಕರಗುತ್ತದೆ. ಪ್ರಪಂಚದ ಎಲ್ಲೆಡೆಯ ಅಂತರ್ಜಲದಲ್ಲಿ ಕಾಣುವ ಸಂಗತಿ ಅದು. ಮುಂದಿನ ಮೇ ತಿಂಗಳಲ್ಲಿ ಇನ್ನೊಮ್ಮೆ ನೋಡಿದೆ, ಹಾಗೆಯೇ. ಈಗ ಹಟ್ಟಿ ಅಲ್ಲಿಲ್ಲವಲ್ಲ, ಆಗ ಇತ್ತಲ್ಲ ಎಂದು ಅಣ್ಣ ವಾದಿಸಿದ. ಅವನ ಮಾತಿನಲ್ಲೂ ನ್ಯಾಯವಿದೆ. 2009ರ ನೀರನ್ನು ಈಗ ಮತ್ತೆ ಅಳೆಯಲು ಬರುವುದಿಲ್ಲ. ಆದರೆ ನಾನು ಬರೆದದ್ದು ‘ಇಳಿದಿದೆ’ ಎಂದು. ಹಾಗೆ ಬರೆಯಲು ನನ್ನ ಕೈಯಲ್ಲಿ ಏನೂ ಇರಲಿಲ್ಲ.

ಈ ಕಸಬಿನಲ್ಲಿ ನಾವೆಲ್ಲ ನೆನೆಯುವ ಒಂದು ಕತೆಯಿದೆ. 1892ರಲ್ಲಿ ಇಂಗ್ಲೆಂಡಿನ ರೇಲಿ ಪ್ರಭು ಸಾರಜನಕವನ್ನು ತೂಗುತ್ತಿದ್ದರು. ಗಾಳಿಯಿಂದ ತೆಗೆದ ಸಾರಜನಕ ರಾಸಾಯನಿಕಗಳಿಂದ ಮಾಡಿದ್ದಕ್ಕಿಂತ ತುಸು ಭಾರ. ಸಾವಿರಕ್ಕೆ ಒಂದರಷ್ಟು ವ್ಯತ್ಯಾಸ. ಇನ್ನೊಬ್ಬರಾಗಿದ್ದರೆ ಸರಾಸರಿ ತೆಗೆದು ಮುಂದೆ ಹೋಗುತ್ತಿದ್ದರು. ರೇಲಿ ‘ನೇಚರ್’ ಪತ್ರಿಕೆಗೆ ಪತ್ರ ಬರೆದು, ನನ್ನ ಲೆಕ್ಕ ಹೊಂದುತ್ತಿಲ್ಲ, ಯಾರಿಗಾದರೂ ಕಾರಣ ಗೊತ್ತುಂಟೇ ಎಂದು ಎಲ್ಲರೆದುರು ಕೇಳಿದರು. ಆ ವ್ಯತ್ಯಾಸದ ಬೆನ್ನು ಹತ್ತಿ ರ‍್ಯಾಮ್ಸೆ ಮತ್ತು ಅವರು 1894ರಲ್ಲಿ ಕಂಡುಹಿಡಿದದ್ದೇ ಆರ್ಗಾನ್. ಗ್ರೀಕ್ ಭಾಷೆಯಲ್ಲಿ ಆ ಹೆಸರಿಗೆ ಸೋಮಾರಿ ಎಂದು ಅರ್ಥ. 1904ರಲ್ಲಿ ಇಬ್ಬರಿಗೂ ನೊಬೆಲ್ ಬಂತು. ನನ್ನ ತಪ್ಪಿನಲ್ಲಿ ಅಂಥ ಯಾವ ನಿಧಿಯೂ ಇರಲಿಲ್ಲ. ಆದರೂ ಅವರ ಪತ್ರದ ಅರ್ಧ ಭಾಗವನ್ನಾದರೂ ನಾನು ಬರೆಯಬಹುದಿತ್ತು.

2019ರ ಮೇ ತಿಂಗಳಿನಲ್ಲಿ ಮೇಲಿನ ಮನೆಗೆ ಹೋದೆ. ದಾರಿಯಲ್ಲಿ ಮಲಯಾಳದಲ್ಲಿ ಹೇಳಬೇಕಾದ್ದನ್ನು ಮನಸ್ಸಿನಲ್ಲೇ ಜೋಡಿಸಿಕೊಂಡೆ. ಉಮ್ಮನಿಗೆ ಕಣ್ಣು ಮಂಜಾಗಿತ್ತು. ಯಾರೆಂದು ಮೊಮ್ಮಗಳು ಹೇಳಬೇಕಾಯಿತು. ನಾನು ಜೋಡಿಸಿಕೊಂಡ ಮಲಯಾಳ ಗಂಟಲಲ್ಲೇ ನಿಂತಿತು. ಕನ್ನಡದಲ್ಲೇ ಹೇಳಿದೆ: ಅಂದು ಬರೆದ ಕಾಗದ ತಪ್ಪು, ಯಂತ್ರದ್ದಲ್ಲ, ನನ್ನದು. ಹಟ್ಟಿಯಿಂದ ಕೊಳೆ ಬಂದದ್ದಕ್ಕೆ ಸಾಕ್ಷಿ ಇರಲಿಲ್ಲ. ಅಪ್ಪ ಇರುವಾಗಲೇ ಬಂದು ಹೇಳಬೇಕಿತ್ತು, ನನಗೇ ಗೊತ್ತಾದದ್ದು ತಡವಾಗಿ.

ಉಮ್ಮ ಸ್ವಲ್ಪ ಹೊತ್ತು ಸುಮ್ಮನಿದ್ದರು. ಆ ಮೇಲೆ “ಸಾರಮಿಲ್ಲ ಮೋನೇ” ಎಂದರು.

ಈ ವಾರ್ಷಿಕದ ಓದುಗರಿಗೆ ಎರಡೂ ಭಾಷೆ ಗೊತ್ತು. ಮಲಯಾಳದಲ್ಲಿ ಅದಕ್ಕೆ ‘ಪರವಾಗಿಲ್ಲ ಮಗನೇ’ ಎಂದು ಅರ್ಥ. ಕನ್ನಡದ ಕಿವಿಗೆ ಅದು ‘ಸಾರವಿಲ್ಲ’ ಎಂದು ಕೇಳಿಸುತ್ತದೆ. ನನಗೆ ಎರಡೂ ಕೇಳಿಸಿತು. ಅವರು ಮನ್ನಿಸಿದರು; ನಾನು ಕೊಟ್ಟಿದ್ದ ಸಂಖ್ಯೆಯಲ್ಲಿ ಸಾರವಿರಲಿಲ್ಲ. ಮಾರಿದ ದನದ ಮಾತನ್ನು ಅವರು ಎತ್ತಲಿಲ್ಲ. ನಾನು ಎತ್ತಿ, ಅದರ ಬೆಲೆ ಕೊಡುತ್ತೇನೆಂದೆ. “ಆ ದನ ಈಗ ಎಲ್ಲುಂಟು?” ಎಂದು ನಕ್ಕರು. ಹಣ ಮುಟ್ಟಲಿಲ್ಲ.

ಹಟ್ಟಿ ಈಗಲೂ ಆಚೆ ಬದಿಯಲ್ಲೇ ಇದೆ. ಅದನ್ನು ಮರಳಿ ತರುವವರಿಲ್ಲ. ಆದರೆ ಆ ವರ್ಷದ ಬೇಸಗೆ ಮುಗಿಯುವ ಮೊದಲೇ ಒಂದು ಬೆಳಿಗ್ಗೆ ಉಮ್ಮನ ಮೊಮ್ಮಗಳು ಕೊಡಪಾನ ತಂದು ನಮ್ಮ ತೊಟ್ಟಿಯ ಕೆಳಗೆ ಇಟ್ಟಳು. ಅದು ತುಂಬುವಷ್ಟು ಹೊತ್ತು ಅಮ್ಮ ಅವಳನ್ನು ಕೂರಿಸಿಕೊಂಡು ಮಾತಾಡಿದರು. ಹುಡುಗಿ ಶಾಲೆಯಲ್ಲಿ ರಸಾಯನ ಶಾಸ್ತ್ರ ಓದುತ್ತಾಳಂತೆ. ನಮ್ಮ ಸುರಂಗದ ಒಳಗೆ ನೋಡಬೇಕೆಂದಳು. ಟಾರ್ಚು ಹಿಡಿದು ಹೊರಟವಳನ್ನು ನಿಲ್ಲಿಸಿ, ನಾನು ಒಳಗಿನಿಂದ ಮೇಣದ ಬತ್ತಿ ತಂದೆ.